ಮೊಸಳೆಯ ಜೋಡಿ ಗುಡಿ, ಮೂಕ ಕುದುರೆಯ ಸಾಂತ್ವನ

ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೊರಟ ಬಸ್ಸು ಹತ್ತು-ಹನ್ನೆರಡು ಕಿಲೋಮೀಟರ್ ಸಾಗುವಷ್ಟರಲ್ಲಿ ಕಂಡಕ್ಟರ್ 'ಮೊಸಳೆ ಹೊಸಹಳ್ಳಿ' ಎಂದು ಕೂಗುತ್ತಾನೆ. ಹೆಸರು ಕೇಳಿದ ಮಕ್ಕಳು ಕೆರೆಯಲ್ಲಿ ಮೊಸಳೆ ಇದೆಯೇ ಎಂದು ಅಪ್ಪ ಅಮ್ಮನನ್ನು ಕೇಳುವುದುಂಟು. ಬಸ್ಸಿಳಿದು ಹೆದ್ದಾರಿ ಬಿಟ್ಟು ಒಳಕ್ಕೆ ಹೋದರೆ ಮೊಸಳೆ ಎಂಬ ಚಿಕ್ಕ ಊರು. ತೆಂಗು, ರಾಗಿ ಹೊಲ, ಮನೆಗಳ ಮುಂದೆ ಕಟ್ಟಿದ ಸೀಮೆಹಸು. ಇವುಗಳ ನಡುವೆ ಎರಡು ಕಲ್ಲಿನ ಗುಡಿಗಳು.

ದಕ್ಷಿಣಕ್ಕೆ ನಾಗೇಶ್ವರ, ಉತ್ತರಕ್ಕೆ ಚೆನ್ನಕೇಶವ. ಕ್ರಿ.ಶ. 1200ರ ಸುಮಾರಿಗೆ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಎದ್ದ ಗುಡಿಗಳಿವು. ಎರಡರ ಅಳತೆ ಒಂದೇ, ರೂಪ ಒಂದೇ, ಎರಡೂ ಪೂರ್ವಕ್ಕೆ ಮುಖ ಮಾಡಿವೆ. ನಡುವೆ ಕೆಲವೇ ಅಡಿಗಳ ಜಾಗ. ಒಂದರಲ್ಲಿ ಶಿವ, ಇನ್ನೊಂದರಲ್ಲಿ ವಿಷ್ಣು. ಅಣ್ಣ ತಮ್ಮಂದಿರು ಮಾತಿಲ್ಲದೆ ಅಕ್ಕಪಕ್ಕ ನಿಂತ ಹಾಗೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಮೊಸಳೆಗೆ ಆ ಜನಜಂಗುಳಿ ಇಲ್ಲ. ಬಂದವರು ಮುಖಮಂಟಪದ ಕಲ್ಲಿನ ಜಗಲಿಯ ಮೇಲೆ ಕುಳಿತು, ಒಳಗೆ ಹೋಗಿ ಕತ್ತೆತ್ತಿ ಛಾವಣಿಯ ಕೆತ್ತನೆ ನೋಡಿ, ಸದ್ದಿಲ್ಲದೆ ಹಿಂದಿರುಗುತ್ತಾರೆ.

ಆದರೆ ಈ ಊರಿನ ಹೆಸರು ಇತ್ತೀಚೆಗೆ ನಾಡಿನ ಮನೆಮನೆಗೆ ತಲುಪಿದ್ದು ಗುಡಿಗಳಿಂದಲ್ಲ. 2025ರ ಸೆಪ್ಟೆಂಬರ್ 12, ಶುಕ್ರವಾರ ರಾತ್ರಿ, ಮೊಸಳೆ ಹೊಸಹಳ್ಳಿಯಲ್ಲಿ ಗಣಪತಿ ವಿಸರ್ಜನೆಯ ಮೆರವಣಿಗೆ ನಡೆದಿತ್ತು. ಹೆದ್ದಾರಿಯಲ್ಲಿ ಬಂದ ಲಾರಿಯೊಂದು ಕುಣಿಯುತ್ತಿದ್ದ ಹುಡುಗರ ಮೇಲೆ ಹರಿಯಿತು. ಸತ್ತವರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದರು. ದೂರದ ಜಿಲ್ಲೆಗಳಿಂದ ಓದಲು ಬಂದು ಇಲ್ಲಿ ರೂಮು ಮಾಡಿಕೊಂಡಿದ್ದವರೂ ಅವರಲ್ಲಿದ್ದರು. ಮಗ ಹಬ್ಬಕ್ಕೆ ಊರಿಗೆ ಬರಲಿಲ್ಲವೆಂದು ಬೇಸರಿಸುತ್ತಿದ್ದ ಮನೆಗಳಿಗೆ ಆ ರಾತ್ರಿ ಹೋದ ಫೋನು ಎಂಥದೆಂದು ಹೇಳಬೇಕಾಗಿಲ್ಲ.

ಹಾಲುತುಪ್ಪ ಮುಗಿದ ಮೇಲೆ

ಸಾವಾದ ಮನೆಗೆ ಮೊದಲ ದಿನಗಳಲ್ಲಿ ಜನರ ಕೊರತೆ ಇರುವುದಿಲ್ಲ. ನೆಂಟರು ಬರುತ್ತಾರೆ, ನೆರೆಯವರು ಅಡಿಗೆ ಮಾಡಿ ತರುತ್ತಾರೆ. ಹಾಲುತುಪ್ಪ ಆಗುತ್ತದೆ, ಹನ್ನೊಂದನೆಯ ದಿನದ ತಿಥಿ ಆಗುತ್ತದೆ. ಹನ್ನೆರಡನೆಯ ದಿನ ಎಲ್ಲರೂ ಅವರವರ ಕೆಲಸಕ್ಕೆ ಹೋಗುತ್ತಾರೆ. ಕಷ್ಟ ಶುರುವಾಗುವುದು ಆಗ. ಬಂದವರೆಲ್ಲ 'ಧೈರ್ಯ ತಂದುಕೊಳ್ಳಿ' ಎಂದಿರುತ್ತಾರೆ. ಎಲ್ಲಿಂದ ತಂದುಕೊಳ್ಳಬೇಕೆಂದು ಯಾರೂ ಹೇಳಿರುವುದಿಲ್ಲ. ಸತ್ತವನ ಗೆಳೆಯರ ಪಾಡು ಇನ್ನೊಂದು ಬಗೆಯದು. ಬೆಂಚಿನಲ್ಲಿ ಪಕ್ಕ ಕೂರುತ್ತಿದ್ದವನಿಲ್ಲ, ಪರೀಕ್ಷೆಯ ತಾರೀಖು ಮಾತ್ರ ಹತ್ತಿರ ಬರುತ್ತಿರುತ್ತದೆ. ಗಂಡುಹುಡುಗ ಅಳಬಾರದೆಂಬ ಮಾತು ಬೇರೆ.

ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಮಾತಿಗಿಂತ ಮಾತಿಲ್ಲದ ಜೊತೆಯೇ ಹೆಚ್ಚು ಬೇಕಾಗುತ್ತದೆ. ಆ ಜೊತೆಯನ್ನು ಪ್ರಾಣಿ ಕೊಡಬಲ್ಲದು ಎಂಬುದು ಹಾಸನ ಸೀಮೆಯವರಿಗೆ ಹೊಸ ವಿಷಯವಲ್ಲ. ಇದೇ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ 2023ರ ಡಿಸೆಂಬರ್ 4ರಂದು, ಎಂಟು ಬಾರಿ ದಸರಾ ಅಂಬಾರಿ ಹೊತ್ತ ಅರ್ಜುನ ಕಾಡಾನೆಯೊಂದಿಗೆ ಕಾದಾಡಿ ಸತ್ತಾಗ, ಮಾವುತ ಅದರ ಬಳಿ ಗೋಳಾಡಿದ್ದನ್ನು ನಾಡೇ ನೋಡಿತು. ಮನುಷ್ಯನಿಗೂ ಪ್ರಾಣಿಗೂ ನಡುವಿನ ಕೊಂಡಿ ಎಷ್ಟು ಗಟ್ಟಿಯೆಂಬುದು ಅದು ಕಡಿದಾಗ ಕಾಣುತ್ತದೆ. ಅಷ್ಟು ಗಟ್ಟಿಯಾದದ್ದು, ಮುರಿದು ಬಿದ್ದ ಮನುಷ್ಯನನ್ನು ಹಿಡಿದೆತ್ತಲೂ ಬಲ್ಲದು. ಹೀಗೆ ಹಿಡಿದೆತ್ತುವ ಪ್ರಾಣಿಗಳಲ್ಲಿ ಜಗತ್ತಿನ ಅನೇಕ ಕಡೆ ಮೊದಲು ಕೇಳಿಬರುವ ಹೆಸರು ಕುದುರೆಯದು.

ಕಲ್ಲಿನ ಕುದುರೆ, ಜೀವದ ಕುದುರೆ

ಮೊಸಳೆಯಿಂದ ಚನ್ನರಾಯಪಟ್ಟಣದ ಕಡೆಗೆ ತಿರುಗಿ ನುಗ್ಗೇಹಳ್ಳಿಗೆ ಹೋದರೆ 1246ರ ಲಕ್ಷ್ಮೀನರಸಿಂಹ ಗುಡಿಯ ತಳಪಾಯದಲ್ಲಿ ಕಲ್ಲಿನ ಕುದುರೆಗಳ ಸಾಲೇ ಇದೆ. ಕೆಳಗೆ ಆನೆಗಳ ಪಟ್ಟಿಕೆ, ಅದರ ಮೇಲೆ ಸವಾರರನ್ನು ಹೊತ್ತು ಓಡುವ ಕುದುರೆಗಳು. ಒಳ್ಳೆಯ ಕುದುರೆ ಆಗ ಅರಬರ ನಾಡಿನಿಂದ ಹಡಗಿನಲ್ಲಿ ಬರುತ್ತಿತ್ತು, ಬೆಲೆಯೂ ದುಬಾರಿ. ಅದೇ ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ, ಅಲ್ಲಿನ ಅರಸರು ವರ್ಷ ವರ್ಷ ಸಾವಿರಗಟ್ಟಲೆ ಕುದುರೆ ಕೊಂಡರೂ ಸಾಕುವುದು ತಿಳಿಯದೆ ಅವುಗಳಲ್ಲಿ ಹೆಚ್ಚಿನವು ಸಾಯುತ್ತಿದ್ದವೆಂದು ಬರೆದಿಟ್ಟಿದ್ದಾನೆ. ಹಣ ಕೊಟ್ಟರೆ ಕುದುರೆ ಸಿಗುತ್ತಿತ್ತು. ಅದನ್ನು ಉಳಿಸಿಕೊಳ್ಳುವ ಕೈ ಸಿಗುತ್ತಿರಲಿಲ್ಲ.

ಆ ಕೊರತೆ ಇಂದಿಗೂ ಮುಗಿದಿಲ್ಲ. ರೇಸಿನಲ್ಲಿ ಓಡಿ ಕಾಲು ಕೆಟ್ಟದ್ದು, ಟಾಂಗಾ ಎಳೆದು ಮುದಿಯಾದದ್ದು, ಮದುವೆಯ ಮೆರವಣಿಗೆಗೆಂದು ಸಾಕಿ ಆಮೇಲೆ ಬೀದಿಗೆ ಬಿಟ್ಟದ್ದು, ಹೀಗೆ ಯಾರಿಗೂ ಬೇಡವಾದ ಕುದುರೆಗಳಿವೆ. ಅಂಥ ಒಂದು ಕುದುರೆಯಿಂದಲೇ ಶುರುವಾದ ಕತೆಯೊಂದು ಕರ್ನಾಟಕದವರೆಗೂ ಬಂದಿದೆ. 1959ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ದೆಹಲಿಯಲ್ಲಿದ್ದಾಗ, ಬಿದ್ದು ನರಳುತ್ತಿದ್ದ ಕುದುರೆಯೊಂದನ್ನು ಕಂಡರು. ಜೀವವಿರುವಾಗಲೇ ಕಾಗೆಗಳು ಅದರ ಕಣ್ಣು ಕುಕ್ಕಿದ್ದವು. ಅದನ್ನು ಉಳಿಸಲಾಗಲಿಲ್ಲ. ಆಕೆ ಮಾತ್ರ ಭಾರತದಲ್ಲೇ ಉಳಿದರು. ದೆಹಲಿಯಲ್ಲಿ ಪ್ರಾಣಿಗಳಿಗೊಂದು ಆಸರೆ ಕಟ್ಟಿದರು, ಆಮೇಲೆ ಜೈಪುರದಲ್ಲಿ ಇನ್ನೊಂದು. ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ 'ಕ್ಯೂಪಾ' ಸಂಸ್ಥೆಯನ್ನು ಹುಟ್ಟುಹಾಕಿದರು. 1996ರಲ್ಲಿ ತೀರಿಕೊಂಡರು. ಒಂದು ಜೀವವನ್ನು ಉಳಿಸಲಾಗದ ಸಂಕಟವನ್ನು ಅವರು ಮರೆಯಲು ಹೋಗಲಿಲ್ಲ. ಮೂವತ್ತೇಳು ವರ್ಷ ಅದಕ್ಕೆ ಕೆಲಸ ಕೊಟ್ಟರು.

ಹಿಡಿ ಹಿಡಿಯಾಗಿ

ಬೀದಿಯಿಂದ ತಂದ ಕುದುರೆಯನ್ನು ಉಳಿಸುವ ಬಗೆಯನ್ನು ತಿಳಿದರೆ, ಅದು ದುಃಖದಲ್ಲಿರುವವರಿಗೆ ಏಕೆ ಒದಗಿಬರುತ್ತದೆಂಬುದು ಅರ್ಥವಾಗುತ್ತದೆ. ಎಲುಬು ಕಾಣುವಂತೆ ಬಡಕಲಾದ ಕುದುರೆಗೆ ಕನಿಕರದಿಂದ ಒಮ್ಮೆಲೇ ಹೊಟ್ಟೆ ತುಂಬ ಹುರುಳಿಯೋ ಧಾನ್ಯವೋ ಕೊಟ್ಟರೆ ಅದು ಸತ್ತೇ ಹೋಗಬಹುದು. ಹಸಿವಿಗೆ ಒಗ್ಗಿದ ಮೈಗೆ ಆ ಊಟವೇ ವಿಷ. ಪಶುವೈದ್ಯರು ಕುದುರೆಮಸಾಲೆ ಸೊಪ್ಪನ್ನು ಹಿಡಿ ಹಿಡಿಯಾಗಿ, ಕೆಲವು ಗಂಟೆಗಳಿಗೊಮ್ಮೆ, ಹಗಲೂ ರಾತ್ರಿಯೂ ಕೊಡಿಸುತ್ತಾರೆ. ದಿನಗಳು ಕಳೆದಂತೆ ಪ್ರಮಾಣ ಹೆಚ್ಚುತ್ತದೆ. ಮೊದಲಿನ ಮೈ ಬರಲು ತಿಂಗಳುಗಳೇ ಬೇಕು. ಅವಸರ ಮಾಡುವಂತಿಲ್ಲ.

ಮೇವೊಂದೇ ಸಾಲದು. ದಿನಕ್ಕೆ ಇಪ್ಪತ್ತು ಮೂವತ್ತು ಲೀಟರ್ ನೀರು, ಗೊರಸಿನ ಸಂದಿಯ ಕೊಳೆ ತೆಗೆಯುವುದು, ಲಾಯ ಗುಡಿಸುವುದು, ಮೈ ಉಜ್ಜುವುದು. ಹಿಂದೆ ಏಟು ತಿಂದ ಕುದುರೆ ಹತ್ತಿರ ಸೇರಿಸುವುದಿಲ್ಲ. ಬೇಟೆಗೆ ಬಲಿಯಾಗುವ ಜಾತಿಯಲ್ಲಿ ಹುಟ್ಟಿದ ಪ್ರಾಣಿ ಅದು. ಎರಡು ಪಕ್ಕದಲ್ಲಿರುವ ಕಣ್ಣುಗಳಿಂದ ಸುತ್ತಲಿನ ಹೆಚ್ಚುಕಡಿಮೆ ಎಲ್ಲವನ್ನೂ ನೋಡುತ್ತ, ಕಿವಿ ತಿರುಗಿಸುತ್ತ, ಬಂದವನು ಎಂಥವನೆಂದು ಅಳೆಯುತ್ತದೆ. 2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಕುದುರೆಗಳಿಗೆ ಸಿಟ್ಟಿನ ಮುಖದ ಮತ್ತು ನಗುವ ಮುಖದ ಚಿತ್ರಗಳನ್ನು ತೋರಿಸಿ ನೋಡಿದರು. ಸಿಟ್ಟಿನ ಮುಖ ಕಂಡಾಗ ಅವುಗಳ ಎದೆಬಡಿತ ಬೇಗ ಏರಿತು. ಹೀಗಾಗಿ ಕುದುರೆಯ ಬಳಿ ಹೋಗುವವನು ಮೊದಲು ತನ್ನ ಉಸಿರನ್ನು, ಕೈಯನ್ನು, ನಡಿಗೆಯನ್ನು ತಾನೇ ಸಮಾಧಾನಕ್ಕೆ ತರಬೇಕಾಗುತ್ತದೆ. ಯಾರೋ 'ಸಮಾಧಾನ ಮಾಡಿಕೊಳ್ಳಿ' ಎಂದಾಗ ಆಗದ ಕೆಲಸ ಹೀಗೆ ಆಗಿಹೋಗುತ್ತದೆ.

ವಾರಗಳ ನಂತರ ಒಂದು ದಿನ ಅದು ತಾನಾಗಿ ಹೆಜ್ಜೆ ಮುಂದಿಟ್ಟು ಮೂತಿಯನ್ನು ಅಂಗೈಗೆ ತಾಗಿಸುತ್ತದೆ. ಕೈಗೆ ಬಿಸಿಯುಸಿರು ತಗಲುತ್ತದೆ. ಮಗನನ್ನೋ ಗೆಳೆಯನನ್ನೋ ಕಳೆದುಕೊಂಡವನಿಗೆ ತಾನಿನ್ನು ಯಾರಿಗೂ ಬೇಡವೆಂಬ ಭಾವ ಒಳಗೆ ಕೂತಿರುತ್ತದೆ. ಬೆಳಗಾದರೆ ತನ್ನ ಹೆಜ್ಜೆಯ ಸಪ್ಪಳಕ್ಕೆ ಕಿವಿ ನಿಮಿರಿಸುವ ಒಂದು ಜೀವವಿದೆ ಎಂಬುದೇ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತದೆ.

ಇದನ್ನು ನಂಬಿ ನಡೆದ ಕೆಲಸಗಳುಂಟು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಪೋಲಿಯೊದಿಂದ ಮೊಣಕಾಲಿನ ಕೆಳಗೆ ಬಲ ಕಳೆದುಕೊಂಡರೂ ಕುದುರೆ ಬಿಡಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಗೆದ್ದರು. ಕುದುರೆಯ ಮೂಲಕ ಚಿಕಿತ್ಸೆ ಎಂಬ ಮಾತಿಗೆ ಜನ ಕಿವಿಗೊಟ್ಟದ್ದು ಆಮೇಲೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಲ್‌ಕಿಲ್ ಸೆರೆಮನೆಯಲ್ಲಿ 1984ರಿಂದ ರೇಸು ಬಿಟ್ಟ ಕುದುರೆಗಳ ಆರೈಕೆಯನ್ನು ಕೈದಿಗಳಿಗೆ ವಹಿಸಲಾಯಿತು. ಬೇಡವಾದ ಮನುಷ್ಯರೂ ಬೇಡವಾದ ಕುದುರೆಗಳೂ ಅಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು.

ಇದು ಪವಾಡವೆಂದು ಯಾರೂ ತಿಳಿಯಬೇಕಾಗಿಲ್ಲ. ಈ ಬಗ್ಗೆ ನಡೆದ ಅಧ್ಯಯನಗಳು ಬಹುಮಟ್ಟಿಗೆ ಸಣ್ಣ ಗುಂಪಿನವು. ಕುದುರೆ ವೈದ್ಯನಲ್ಲ. ಮಗುವೊಂದು ವಾರಗಟ್ಟಲೆ ಊಟ ನಿದ್ರೆ ಬಿಟ್ಟಿದ್ದರೆ, ಸಾಯುವ ಮಾತಾಡುತ್ತಿದ್ದರೆ, ತಡಮಾಡದೆ ವೈದ್ಯರ ಬಳಿ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಕೊಟ್ಟಿಗೆಯ ಕರೆ

ಮೊಸಳೆಯ ಸುತ್ತಮುತ್ತ ಕುದುರೆ ಸಾಕುವವರು ಯಾರಿದ್ದಾರೆ ಎಂದು ಕೇಳಬಹುದು. ಕುದುರೆಗೆಂದು ಹೆಸರಾದ ಹುರುಳಿ ಇಲ್ಲಿ ಬಸ್ಸಾರಾಗಿ ಮುದ್ದೆಯ ಜೊತೆ ತಟ್ಟೆಗೆ ಬರುತ್ತದೆಯೇ ಹೊರತು ಲಾಯಕ್ಕೆ ಹೋಗುವುದಿಲ್ಲ. ಆದರೆ ಕುದುರೆ ಕಲಿಸುವ ಪಾಠವನ್ನು ಇಲ್ಲಿ ಹಸು ಕಲಿಸುತ್ತದೆ. ಮನೆಯಲ್ಲಿ ಯಾರೇ ತೀರಿಕೊಂಡರೂ ಮಾರನೆಯ ಬೆಳಗ್ಗೆ ಕೊಟ್ಟಿಗೆಯಲ್ಲಿ ಕೆಚ್ಚಲು ತುಂಬಿದ ಹಸು 'ಅಂಬಾ' ಎನ್ನುತ್ತದೆ. ಮೊದಲ ಕೆಲವು ದಿನ ನೆರೆಯವರು ಬಂದು ಹಾಲು ಕರೆದು ಡೈರಿಗೆ ಹಾಕಿಯಾರು. ಆಮೇಲೆ ಮನೆಯವರೇ ಏಳಬೇಕು. ಕಣ್ಣೊರೆಸಿಕೊಂಡು ಎದ್ದು, ಹಸುವಿನ ಮಗ್ಗುಲಿಗೆ ಹಣೆಯಾನಿಸಿ ಕುಳಿತು ಹಾಲು ಕರೆಯುವ ತಾಯಿ ಅಲ್ಲಿ ಎಷ್ಟು ಹೊತ್ತು ಅತ್ತರೂ ಹಸು ಏನೂ ಕೇಳುವುದಿಲ್ಲ. ಮನೆಯವರಿಗೂ ಕಾಣುವುದಿಲ್ಲ.

ಮಕ್ಕಳ ವಿಷಯದಲ್ಲಿ ತಂದೆತಾಯಂದಿರು ಇದನ್ನು ನೆನಪಿಡಬೇಕು. ಗೆಳೆಯನನ್ನು ಕಳೆದುಕೊಂಡ ಹುಡುಗನಿಗೆ 'ಓದಿನ ಕಡೆ ಗಮನ ಕೊಡು' ಎನ್ನುವ ಮೊದಲು ಕರುವಿಗೆ ಹುಲ್ಲು ಹಾಕುವ, ಕಾಲು ಮುರಿದ ಬೀದಿನಾಯಿಯನ್ನು ಪಶು ಆಸ್ಪತ್ರೆಗೆ ಕರೆದೊಯ್ಯುವ ಕೆಲಸವನ್ನು ಅವನ ಕೈಗೆ ಕೊಟ್ಟು ನೋಡಬಹುದು. ದುಃಖಕ್ಕೂ ಬಡಕಲು ಕುದುರೆಗೂ ಒಂದೇ ನಿಯಮ. ಒಮ್ಮೆಲೇ ತುಂಬಿಸಲು ಹೋಗಬಾರದು, ಹಿಡಿ ಹಿಡಿಯಾಗಿ ಕೊಡುತ್ತ ಕಾಯಬೇಕು.

ಹಾಸನಕ್ಕೆ ಹಿಂದಿರುಗುವವರು ಸಂಜೆಯ ಹೊತ್ತಿಗೆ ಮತ್ತೊಮ್ಮೆ ಗುಡಿಗಳ ಅಂಗಳಕ್ಕೆ ಬಂದು ಹೋಗುವುದು ಒಳ್ಳೆಯದು. ಬಿಸಿಲು ಇಳಿದಂತೆ ಗೋಡೆಯ ವಿಗ್ರಹಗಳ ನೆರಳು ಉದ್ದವಾಗುತ್ತದೆ. ಎಂಟು ಶತಮಾನಗಳ ಮಳೆ ಬಿಸಿಲನ್ನು ನಾಗೇಶ್ವರನೂ ಚೆನ್ನಕೇಶವನೂ ಜೊತೆಜೊತೆಯಾಗಿಯೇ ಕಂಡಿದ್ದಾರೆ. ಒಂದು ಇನ್ನೊಂದಕ್ಕೆ ಒರಗಿಲ್ಲ, ದೂರವೂ ಸರಿದಿಲ್ಲ. ದೂರದ ಹೆದ್ದಾರಿಯಲ್ಲಿ ಲಾರಿಗಳ ಸದ್ದು. ಊರೊಳಗೆ ಯಾವುದೋ ಹಟ್ಟಿಯಲ್ಲಿ ಹಸು ಕೂಗುತ್ತದೆ. ಯಾರೋ ಬಕೆಟ್ಟು ಹಿಡಿದು ಎದ್ದು ಹೋಗುತ್ತಾರೆ.