ಸೊನ್ನೆ ಟಿಕೆಟ್ಟಿನಲ್ಲಿ ಮಂಗಳೂರು, ಮತ್ತು ಅವ್ವನ ಮೂರು ದಿನದ ಕೂಲಿ

ನಮ್ಮ ಕಡೆ ಪ್ರವಾಸಿಗರು ಅಂದರೆ ಯಾವಾಗಲೂ ಬೇರೆಯವರು. ಹಂಪಿಗೆ ಬರುವವರು, ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ಬಿಸಿಲಲ್ಲಿ ಬಂಡೆ ಹತ್ತುವವರು, ಎಳನೀರಿಗೆ ಹತ್ತು ರೂಪಾಯಿ ಚೌಕಾಸಿ ಮಾಡುವವರು. ನಾವು ಅವರನ್ನು ನೋಡುವವರು, ಅವರಿಗೆ ದಾರಿ ಹೇಳುವವರು.

ಒಂದು ದಿನ ವಿರೂಪಾಕ್ಷ ಗುಡಿ ಮುಂದೆ ಕೂತಿದ್ದಾಗ ಅವ್ವ ಕೇಳಿದಳು: "ಇಷ್ಟು ಮಂದಿ ನಮ್ಮೂರು ನೋಡಾಕ ಬರ್ತಾರಲ್ಲ, ನಾವು ಯಾವೂರು ನೋಡೀವಿ?"

ನಾವು ಮೂವರು ಗೆಳತಿಯರು. ಒಬ್ಬಳದು ಹೊಸಪೇಟೆ, ಒಬ್ಬಳದು ಸಂಡೂರು, ಒಬ್ಬಳದು ಕಂಪ್ಲಿ. ಪತ್ರಿಕೋದ್ಯಮ ಓದುವಾಗ ಒಂದೇ ಜಿಲ್ಲೆಯವರಾಗಿದ್ದೆವು. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆಯವಳು ಆ ಕಡೆ ಹೋದಳು, ಉಳಿದಿಬ್ಬರು ಬಳ್ಳಾರಿಯಲ್ಲೇ ಉಳಿದರು. ಅವ್ವ ಕಂಪ್ಲಿಯವಳ ತಾಯಿ, ಆದರೆ ಮೂವರಿಗೂ ಅವ್ವನೇ. ನಾಟಿ, ಕಳೆ, ಮೆಣಸಿನಕಾಯಿ ಬಿಡಿಸುವುದು, ಯಾವ ಕೆಲಸ ಇದ್ದರೆ ಅದಕ್ಕೆ ಹೋಗುತ್ತಾಳೆ. ಗಂಡ ಹೋಗಿ ಹನ್ನೆರಡು ವರ್ಷ. ಕಡಲನ್ನು ಟಿವಿಯಲ್ಲಿ ಮಾತ್ರ ನೋಡಿದ್ದಳು. ಅವಳ ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವು ಮಂಗಳೂರಿಗೆ ಹೋಗಿಬಂದೆವು. ಅದರ ಕಥೆ ಇದು, ಜೊತೆಗೆ ಲೆಕ್ಕವೂ ಇದೆ.

ಮೊದಲು ಬಸ್ಸಿನ ಮಾತು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಇಲ್ಲದಿದ್ದರೆ ಈ ಪ್ರವಾಸ ಆಗುತ್ತಲೇ ಇರಲಿಲ್ಲ. ಸರ್ಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಟಿಕೆಟ್ ಸೊನ್ನೆ. ಸ್ಲೀಪರ್, ರಾಜಹಂಸ, ಏಸಿ ಬಸ್ಸಿಗೆ ಇದು ನಡೆಯುವುದಿಲ್ಲ. ಆದ್ದರಿಂದ ರಾತ್ರಿಯೆಲ್ಲ ಕೂತುಕೊಂಡೇ ಹೋಗಬೇಕು. ಸೊಂಟ ಹಿಡಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅವ್ವ ಮಾತ್ರ ಆಧಾರ್ ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡು ನಿದ್ದೆ ಮಾಡಿದಳು. ಬೆಳಗಿನ ಜಾವ ಘಟ್ಟ ಇಳಿಯುವಾಗ ಎದ್ದು ಕಿಟಕಿಯಾಚೆ ನೋಡಿ, "ಇಲ್ಲಿ ಬಯಲೇ ಇಲ್ಲಲ್ಲ, ಇವರು ಎಲ್ಲಿ ಉಳ್ತಾರ?" ಅಂದಳು.

ಬಿಜೈ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಮೊದಲ ತಪ್ಪು ಮಾಡಿದೆವು. ಸ್ಟೇಟ್‌ಬ್ಯಾಂಕ್ ಹತ್ತಿರ ಹೋಗಬೇಕು ಅಂದದ್ದಕ್ಕೆ ಒಬ್ಬ ಆಟೋದವರು 200 ರೂಪಾಯಿ ಕೇಳಿದರು. ನಾವು ಕೊಟ್ಟೆವು. ಸಂಜೆ ಗೊತ್ತಾಯಿತು, ನಿಲ್ದಾಣದ ಹೊರಗಿನ ರಸ್ತೆಯಲ್ಲೇ ಸಿಟಿ ಬಸ್ಸು ಸಿಗುತ್ತಿತ್ತು. ಹೊಸಪೇಟೆಯವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಅಣ್ಣ ಕಮಲಾಪುರ–ಹಂಪಿ ನಡುವೆ ಆಟೋ ಓಡಿಸುತ್ತಾನೆ. "ನಮ್ಮಣ್ಣ ಬೆಂಗಳೂರಿನವರ ಮುಖ ನೋಡಿ ರೇಟ್ ಹೇಳ್ತಾನ. ಇವತ್ತು ನಮ್ಮ ಮುಖ ನೋಡಿ ಯಾರೋ ಹೇಳಿದ್ರು" ಅಂದಳು. ಆವತ್ತು ಬೆಳಿಗ್ಗೆಯಿಂದಲೇ ನಾವು ಪ್ರವಾಸಿಗರಾಗಿದ್ದೆವು.

ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ. ಮಂಗಳೂರಿನಲ್ಲಿ ಹೆಚ್ಚಿನ ಸಿಟಿ ಬಸ್ಸುಗಳು ಖಾಸಗಿಯವು. ಅಲ್ಲಿ ಶಕ್ತಿ ಯೋಜನೆ ಇಲ್ಲ, ಚಿಲ್ಲರೆ ಇಟ್ಟುಕೊಳ್ಳಬೇಕು. ಊರಿನ ಯಾವ ಮೂಲೆಗೆ ಹೋಗಲಿಕ್ಕೂ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿಗೆ ಬಂದರೆ ಬಸ್ಸು ಸಿಗುತ್ತದೆ. ಕಂಡಕ್ಟರು ಊರುಗಳ ಹೆಸರನ್ನು ಕೂಗುವ ವೇಗಕ್ಕೆ ನಮಗೆ ಅರ್ಧವೇ ಅರ್ಥವಾಗುತ್ತಿತ್ತು. ಆದರೆ ಕೇಳಿದರೆ ಸಮಾಧಾನವಾಗಿ, ಪುಸ್ತಕದಲ್ಲಿ ಬರೆದ ಹಾಗೆ ಕನ್ನಡ ಮಾತಾಡಿ ಹೇಳುತ್ತಾರೆ.

ಮೊದಲ ದಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನಕ್ಕೆ ಹೋದೆವು. ಗುಡಿಗೆ ಬಿಡದ ಜನರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಗುಡಿ ಅದು. ಇಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದ್ದರು ಅಂತ ನಾವು ಓದಿದ್ದೆವು. ಅವ್ವನಿಗೆ ಹೇಳಿದೆವು. ಅವಳು ನಂಬಲಿಲ್ಲ. "ಗರ್ಭಗುಡಿಯೊಳಗ?" ಅಂತ ಕೇಳಿದಳು. ಹೌದು ಅಂದೆವು. "ಮಂದಿ ಅವರ ಕೈಯಿಂದ ಪ್ರಸಾದ ತಗೊಂಡ್ರಾ?" ಅಂತ ಮತ್ತೆ ಕೇಳಿದಳು.

ಊರಲ್ಲಿ ಮದುವೆ ಮನೆಯಲ್ಲಿ ಅವ್ವ ಅಡುಗೆ ಕೋಣೆಯಿಂದ ಹೊರಗೆ ಬರುವುದಿಲ್ಲ. ಯಾರೂ ಬರಬೇಡ ಅಂತ ಬಾಯಿಬಿಟ್ಟು ಹೇಳಿಲ್ಲ, ಅವಳೇ ಬರುವುದಿಲ್ಲ. ಮಗಳಿಗೆ ಅರಿಶಿನ ಹಚ್ಚುವ ದಿನ ಬಂದರೆ ತಾನು ಎಲ್ಲಿ ನಿಲ್ಲಬೇಕು ಅನ್ನುವುದು ಅವಳಿಗೆ ಈಗಿಂದಲೇ ಗೊತ್ತು. ಆವತ್ತು ಆ ಗುಡಿಯ ಅಂಗಳದಲ್ಲಿ ಅವಳು ಬಹಳ ಹೊತ್ತು ಕೂತಳು. ನಾವು ಹೊರಡೋಣ ಅಂದರೂ ಏಳಲಿಲ್ಲ. ಏನು ಯೋಚಿಸಿದಳೋ ನಾವು ಕೇಳಲಿಲ್ಲ.

ಅಲ್ಲಿಂದ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ, ಪಕ್ಕದಲ್ಲೇ ಹೊಳೆ. ನಮ್ಮ ಕೋಟೆಗಳ ಮುಂದೆ ಚಿಕ್ಕದು, ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಆದರೆ ಅಲ್ಲಿಂದ ಹೊಳೆ ದಾಟಿಸುವ ದೋಣಿ ಇದೆ, ಕಡಿಮೆ ದುಡ್ಡಿಗೆ. ಆಚೆ ದಡದಲ್ಲಿ ಇಳಿದು ಸ್ವಲ್ಪ ನಡೆದರೆ ತಣ್ಣೀರುಬಾವಿ ಕಡಲ ತೀರ.

ಅವ್ವ ಕಡಲನ್ನು ನೋಡಿದ್ದು ಅಲ್ಲೇ. ನಾವು ಫೋನ್ ಹಿಡಿದು ಅವಳ ಮುಖವನ್ನೇ ವಿಡಿಯೋ ಮಾಡುತ್ತಿದ್ದೆವು. ಅಳುತ್ತಾಳೆ, ಕೈಮುಗಿಯುತ್ತಾಳೆ ಅಂತ ಕಾದೆವು. ಅವಳು ಸೀರೆ ಎತ್ತಿ ಕಟ್ಟಿಕೊಂಡು, ನಾಟಿಗೆ ಗದ್ದೆಗೆ ಇಳಿಯುವ ಹಾಗೆ ಇಳಿದಳು. ಬೊಗಸೆ ನೀರು ತೆಗೆದು ಬಾಯಿಗೆ ಹಾಕಿ ಉಗಿದಳು. "ಇಷ್ಟು ನೀರು ಐತಿ, ಒಂದು ಮಡಿಗೂ ಬರಲ್ಲ" ಅಂದಳು.

ಆಮೇಲೆ ಕೇಳಿದಳು: "ಡ್ಯಾಮಿನ ಗೇಟ್ ಕಿತ್ತು ಹೋದಾಗ ಹರಿದು ಹೋಯ್ತಲ್ಲ ನೀರು, ಇಲ್ಲಿಗೇ ಬಂತಾ?" 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಕಂಪ್ಲಿಯಲ್ಲಿ ಯಾರೂ ನಿದ್ದೆ ಮಾಡಿರಲಿಲ್ಲ. ಇಲ್ಲವ್ವ, ನಮ್ಮ ಹೊಳೆ ಕೃಷ್ಣೆಗೆ ಸೇರಿ ಆ ಕಡೆ ಕಡಲಿಗೆ ಹೋಗುತ್ತದೆ ಅಂದೆವು. ತುಂಗೆ, ಭದ್ರೆ ಹುಟ್ಟುವುದು ಇದೇ ಘಟ್ಟದ ಸಾಲಿನಲ್ಲಿ. ಈ ಊರಿನ ನೇತ್ರಾವತಿ ಹುಟ್ಟುವುದೂ ಅಲ್ಲೇ. ಇದು ಪಡುವಣಕ್ಕೆ ಇಳಿಯಿತು, ನಮ್ಮವು ಮೂಡಣಕ್ಕೆ ತಿರುಗಿದವು. "ತಿರುಗಿದ್ದಕ್ಕ ನಾವು ಉಂಡ್ವಿ" ಅಂದಳು ಅವ್ವ.

ರಾತ್ರಿ ಸ್ಟೇಟ್‌ಬ್ಯಾಂಕ್ ಹತ್ತಿರದ ಹಳೆಯ ವಸತಿಗೃಹದಲ್ಲಿ ನಾಲ್ವರಿಗೆ ಒಂದೇ ಕೋಣೆ. ಊರಿಂದ ತಂದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಒಂದು ಹೊತ್ತಿಗೆ ಆಯಿತು. ಹೋಟೆಲಲ್ಲಿ ಕುಚ್ಚಲಕ್ಕಿ ಅನ್ನ ಬಂದಾಗ ಅವ್ವ ಒಂದು ಅಗುಳನ್ನು ಬೆರಳಲ್ಲಿ ಒತ್ತಿ ನೋಡಿದಳು. ವರ್ಷವೆಲ್ಲ ಸೋನಾ ಮಸೂರಿ ಗದ್ದೆಯಲ್ಲಿ ಬಗ್ಗಿರುವವಳು ಹಾಗೆ ನೋಡುವುದು ಸಹಜವೇ. ಮೀನಿನ ಸಾರಿನ ಜೊತೆ ಕಲಸಿದ ಮೇಲೆ ಎರಡನೇ ಸಲ ಅನ್ನ ಹಾಕಿಸಿಕೊಂಡಳು.

ಎರಡನೇ ದಿನ ನಾವು ಮೂವರಿಗೆ ಬೇಕಾದ ಜಾಗ. ಬಲ್ಮಠದ ಕಡೆ ನಡೆದೆವು. ಈ ಊರಲ್ಲೇ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದದ್ದು. ಆ ದಿನವನ್ನೇ ನಾವು ಪತ್ರಿಕಾ ದಿನ ಅನ್ನುತ್ತೇವೆ. ಕಾಲೇಜಿನಲ್ಲಿ ಪರೀಕ್ಷೆಗೆ ಉರುಹೊಡೆದ ಸಾಲು ಅದು. ಆದರೆ ಮುಂದಿನ ಸಾಲು ನಮಗೆ ಹೆಚ್ಚು ಮುಖ್ಯ. ಮರುವರ್ಷವೇ ಆ ಪತ್ರಿಕೆ ಬಳ್ಳಾರಿಗೆ ಬಂದು 'ಕನ್ನಡ ಸಮಾಚಾರ' ಅಂತ ಹೆಸರು ಬದಲಿಸಿಕೊಂಡಿತು. ಕನ್ನಡದ ಮೊದಲ ಪತ್ರಿಕೆ ನಮ್ಮ ಕಡೆಗೇ ನಡೆದುಬಂದಿತ್ತು. ಪತ್ರಿಕೆ ಬಂದು 180 ವರ್ಷ ದಾಟಿದರೂ, ಮೆಣಸಿನಕಾಯಿ ಬಿಡಿಸುವ ಕೂಲಿ ಎಷ್ಟು ಅಂತ ಅಲ್ಲಿ ಇಲ್ಲಿ ಒಂದು ಸುದ್ದಿ ಬರುವುದಕ್ಕೂ ಯಾರಾದರೂ ಸಾಯಬೇಕು ಅಥವಾ ರಸ್ತೆಗೆ ಇಳಿಯಬೇಕು. ಅದಕ್ಕೇ ನಾವು ಇಲ್ಲಿ ಬರೆಯುತ್ತೇವೆ.

ಹತ್ತಿರದಲ್ಲೇ ಇರುವ ಸಂತ ಅಲೋಶಿಯಸ್ ಚಾಪೆಲ್ ಒಳಗೆ ಗೋಡೆ, ಮೇಲ್ಛಾವಣಿ ಎಲ್ಲ ಚಿತ್ರಗಳೇ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಬಿಡಿಸಿದ್ದು. ಅವ್ವ ತಲೆ ಎತ್ತಿ ನೋಡಿ, ನಮ್ಮ ವಿರೂಪಾಕ್ಷ ಗುಡಿಯ ರಂಗಮಂಟಪದ ಹಾಗೇ ಕುತ್ತಿಗೆ ನೋಯುತ್ತದೆ ಅಂದಳು.

ಮಧ್ಯಾಹ್ನ ಪಣಂಬೂರು. ಇದು ಸಂಡೂರಿನವಳ ಜಾಗ. ಪಕ್ಕದಲ್ಲೇ ನವ ಮಂಗಳೂರು ಬಂದರು, 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿದ್ದು. ಅವಳ ಅಪ್ಪ ಅದಿರಿನ ಲಾರಿ ಓಡಿಸುತ್ತಿದ್ದರು. ಸಂಡೂರಿನ ಗುಡ್ಡದ ಕೆಂಪು ಮಣ್ಣು ಹೇರಿಕೊಂಡು ಘಟ್ಟ ಇಳಿದು ಈ ಬಂದರಿಗೆ ಬರುತ್ತಿದ್ದರು. ಆ ಕಾಲದಲ್ಲಿ ಮನೆಗೆ ಫ್ರಿಜ್ ಬಂತು, ಬೈಕ್ ಬಂತು, ಗಿಡದ ಎಲೆಗಳಿಗೆಲ್ಲ ಕೆಂಪು ಧೂಳೂ ಬಂತು. 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾರಿ ಸಾಲ ಉಳಿಯಿತು. ನಿಲ್ಲಿಸಿದ್ದು ಸರಿ ಅಂತ ಅವಳೂ ಹೇಳುತ್ತಾಳೆ. ಆದರೆ ಆ ಸಾಲ ತೀರಿಸಲು ಅವರಿಗೆ ಆರು ವರ್ಷ ಹಿಡಿಯಿತು.

ಅಲ್ಲಿಂದ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದಳು. ದೂರದಲ್ಲಿ ಹಡಗುಗಳು ನಿಂತಿದ್ದವು. ಅವರು ಬಹಳ ಹೊತ್ತು ನೋಡಿ, "ಇಷ್ಟು ಹತ್ರ ಇತ್ತಾ?" ಅಂದರು. ನಮಗೆ ಅರ್ಥವಾಗಲಿಲ್ಲ. ಅಷ್ಟು ಸಲ ಬಂದವರು ಕಡಲನ್ನೇ ನೋಡಿರಲಿಲ್ಲ. ಸಾಲಿನಲ್ಲಿ ಲಾರಿ ನಿಲ್ಲಿಸುವುದು, ಖಾಲಿ ಮಾಡುವುದು, ತಕ್ಷಣ ತಿರುಗಿ ಓಡಿಸುವುದು. ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು, ನಿಂತರೆ ನಷ್ಟ. ನಮ್ಮೂರ ಮಣ್ಣು ಹಡಗು ಹತ್ತಿ ಹೋಯಿತು, ಅದನ್ನು ಹೊತ್ತು ತಂದವರು ನೀರನ್ನೂ ಕಾಣದೆ ವಾಪಸ್ ಬಂದರು.

ಈ ದಾರಿ ಹೊಸದೇನಲ್ಲ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಮಂಗಳೂರಿನಿಂದಲೇ ಘಟ್ಟ ಹತ್ತಿ ವಿಜಯನಗರಕ್ಕೆ, ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದಿದ್ದ. ಅವನು ಕಂಡದ್ದನ್ನೆಲ್ಲ ಬರೆದಿಟ್ಟ. ಅದಿರಿನ ಲಾರಿಯವರು ಕಂಡದ್ದನ್ನು ಬರೆದವರು ಕಡಿಮೆ.

ಈಗ ಲೆಕ್ಕ. ನಾಲ್ವರಿಗೆ ಸರ್ಕಾರಿ ಬಸ್ಸು ಸೊನ್ನೆ. ಕೋಣೆ 1,000. ಸಿಟಿ ಬಸ್ಸು ಮತ್ತು ದೋಣಿ 560. ಊಟ ತಿಂಡಿ 1,720. ಐಸ್‌ಕ್ರೀಂ 400, ಗಡ್‌ಬಡ್ ತಿನ್ನದೆ ಮಂಗಳೂರಿನಿಂದ ಬರಬಾರದು. ಆಟೋದವರಿಗೆ ಕೊಟ್ಟ 200. ಒಟ್ಟು 3,880 ರೂಪಾಯಿ, ತಲೆಗೆ 970.

ಸಾವಿರದೊಳಗೆ ಮಂಗಳೂರು ಅಂತ ತಲೆಬರಹ ಕೊಟ್ಟು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ವಾಪಸ್ ಬರುವ ಬಸ್ಸಿನಲ್ಲಿ ಅವ್ವ ಬೆರಳು ಮಡಿಸುತ್ತಾ ಇನ್ನೊಂದು ಲೆಕ್ಕ ಹಾಕಿದಳು. ಶನಿವಾರ, ಭಾನುವಾರ, ಸೋಮವಾರ, ಮೂರು ದಿನದ ಕೂಲಿ. ದಿನಕ್ಕೆ 350ರಂತೆ 1,050. ಪ್ರವಾಸದ ಖರ್ಚಿಗಿಂತ ಪ್ರವಾಸಕ್ಕೆ ಹೋದದ್ದರ ಖರ್ಚೇ ಹೆಚ್ಚು. ಅವ್ವನಿಗೆ ಮಂಗಳೂರು 970 ಅಲ್ಲ, 2,020. ಕಡಿಮೆ ಖರ್ಚಿನ ಪ್ರವಾಸದ ಬಗ್ಗೆ ನಾವು ಓದಿದ ಯಾವ ಬರಹದಲ್ಲೂ ಈ ಸಾಲು ಇರಲಿಲ್ಲ. ಅವನ್ನು ಬರೆಯುವವರಿಗೆ ರಜೆ ದಿನವೂ ಸಂಬಳ ಬರುತ್ತದೆ. ನಮಗೂ ಇದು ಹೊಳೆದಿರಲಿಲ್ಲ, ಅವಳ ಮಗಳಿಗೂ.

"ಹಂಗಾದ್ರ ಬರಬಾರದಿತ್ತಾ ಅವ್ವ?" ಅಂತ ಮಗಳು ಕೇಳಿದಳು. ಅವ್ವ ಉತ್ತರ ಕೊಡಲಿಲ್ಲ, ನಿದ್ದೆ ಬಂದಿತ್ತೋ ಏನೋ.

ಉತ್ತರ ಸಿಕ್ಕಿದ್ದು ಹದಿನೈದು ದಿನದ ಮೇಲೆ. ಅವ್ವನ ಜೊತೆ ಕೂಲಿಗೆ ಹೋಗುವ ಐವರು ವಾರಕ್ಕೆ ನಲವತ್ತು ರೂಪಾಯಿ ಕೂಡಿಡಲು ಶುರುಮಾಡಿದ್ದಾರೆ. ದುಡ್ಡು ಇಟ್ಟುಕೊಳ್ಳುವವಳು ಅವ್ವ. ವರ್ಷಕ್ಕೆ ಒಬ್ಬೊಬ್ಬರದು 2,080 ಆಗುತ್ತದೆ. ಅದರಲ್ಲಿ ಬಸ್ಸು, ಊಟ, ಕೋಣೆಯ ಜೊತೆಗೆ ಮೂರು ದಿನದ ಕೂಲಿಯನ್ನೂ ಸೇರಿಸಿದ್ದಾಳೆ. ಉಳಿಯುವ ಅರವತ್ತು ಯಾಕವ್ವ ಅಂತ ಕೇಳಿದರೆ, ಇನ್ನೊಂದು ಐಸ್‌ಕ್ರೀಂ ಅಂದಳು.