ಅಲುಗಾಟಕ್ಕೂ ಒಂದೊಂದು ಹೆಸರು

ಕುಡಿದವನು ತೂರಾಡುತ್ತಾನೆ. ದೀಪದ ಕುಡಿ ಹೊಯ್ದಾಡುತ್ತದೆ. ಕಾಲು ಸಡಿಲವಾದ ಬೆಂಚು ಅಲುಗಾಡುತ್ತದೆ. ಎಡವಿದವನು ಮುಗ್ಗರಿಸುತ್ತಾನೆ. ಕನ್ನಡದ ಯಾವ ಮಗುವೂ ಈ ಮಾತುಗಳನ್ನು ಅದಲುಬದಲು ಮಾಡುವುದಿಲ್ಲ. 'ದೀಪ ಮುಗ್ಗರಿಸಿತು' ಎಂದರೆ ಮೂರನೆಯ ತರಗತಿಯ ಹುಡುಗನೂ ನಗುತ್ತಾನೆ. ಆದರೆ ಅದೇ ಹುಡುಗ ಮುಂದೆ ಪಿಯುಸಿಗೆ ಬಂದು ಇಂಗ್ಲಿಷಿನಲ್ಲಿ ಬರೆಯಲು ಕುಳಿತಾಗ ಎಲ್ಲಕ್ಕೂ ಒಂದೇ ಪದ: 'ಶೇಕ್'! ಬೆಂಚೂ ಶೇಕ್, ದೀಪವೂ ಶೇಕ್, ಮನಸ್ಸೂ ಶೇಕ್.

ಇದು ದಡ್ಡತನವಲ್ಲ. ಕನ್ನಡದ ಪದಗಳನ್ನು ಅವನು ಕಣ್ಣಿನಿಂದ ಕಲಿತ. ಇಂಗ್ಲಿಷಿನ ಪದಗಳನ್ನು ನಿಘಂಟಿನಿಂದ ಉರು ಹೊಡೆದ. ಚಿಕ್ಕ ನಿಘಂಟುಗಳಲ್ಲಿ ಹತ್ತು ಪದಗಳಿಗೂ 'ಓಲಾಡು, ಅಲುಗಾಡು' ಎಂಬ ಒಂದೇ ಅರ್ಥವಿದ್ದರೆ ಅವನಾದರೂ ಏನು ಮಾಡಿಯಾನು? ಪದದ ಜೊತೆಗೆ ಅದರ ಚಿತ್ರವನ್ನೂ ಕಲಿಯಬೇಕು.

'ವಾಬಲ್' ಎಂದರೆ ಇದ್ದಲ್ಲೇ ಅತ್ತಿತ್ತ ಓಲಾಡುವುದು. ವೇಗ ಕುಂದಿದ ಬುಗುರಿ ಮಾಡುವುದು ಇದನ್ನೇ. ಲಂಡನ್ನಿನ ಥೇಮ್ಸ್ ನದಿಗೆ ಕಟ್ಟಿದ ಮಿಲೇನಿಯಂ ಕಾಲುಸೇತುವೆ 2000ದ ಜೂನ್ 10ರಂದು ತೆರೆಯಿತು. ಜನ ನಡೆಯತೊಡಗಿದೊಡನೆ ಅದು ಪಕ್ಕಕ್ಕೆ ಓಲಾಡತೊಡಗಿತು. ಬೀಳದಿರಲು ಜನ ಆ ಓಲಾಟಕ್ಕೇ ಹೆಜ್ಜೆ ಹೊಂದಿಸಿದರು. ಓಲಾಟ ಇನ್ನೂ ಹೆಚ್ಚಿತು. ಎರಡೇ ದಿನಕ್ಕೆ ಮುಚ್ಚಿ, ಕಂಪನ ತಗ್ಗಿಸುವ ಸಾಧನಗಳನ್ನು ಜೋಡಿಸಿ, 2002ರಲ್ಲಿ ಮತ್ತೆ ತೆರೆದರು. ಅಲ್ಲಿಯ ಜನ ಅದನ್ನು 'ವಾಬ್ಲಿ' ಸೇತುವೆ ಎಂದು ಕರೆದರು. 'ಸ್ಟ್ಯಾಗರ್' ಅನ್ನಲಿಲ್ಲ. ಏಕೆಂದರೆ 'ಸ್ಟ್ಯಾಗರ್' ಏಟು ತಿಂದವನ, ಅಮಲೇರಿದವನ ನಡಿಗೆ. 'ಟಾಟರ್' ಇನ್ನೇನು ಬಿದ್ದೇಬಿಡುವಂತೆ ತತ್ತರಿಸುವುದು. 'ಟೀಟರ್' ಅಂಚಿನಲ್ಲಿ ನಿಂತು ತೂಗಾಡುವುದು. ಹೊಸದಾಗಿ ನಡೆಯಲು ಕಲಿತ ಮಗುವಿನ ತಪ್ಪುಹೆಜ್ಜೆಗೆ 'ಟಾಡಲ್' ಎಂಬ ಬೇರೆಯೇ ಪದವಿದೆ.

ಇನ್ನು ಮನಸ್ಸಿನ ವಿಚಾರ. ದೀಪದಂತೆ ಮನಸ್ಸೂ ಹೊಯ್ದಾಡುತ್ತದೆ ಎಂದು ಕನ್ನಡಿಗರು ಹೇಳುವ ಹಾಗೆ, ಇಂಗ್ಲಿಷಿನವರು ಎರಡಕ್ಕೂ 'ವೇವರ್' ಎನ್ನುತ್ತಾರೆ. (ಸಾಲಮನ್ನಾದ 'ವೇವರ್' ಬೇರೆ, ಅದರ ಕಾಗುಣಿತದಲ್ಲಿ 'ಐ' ಅಕ್ಷರವೊಂದು ಹೆಚ್ಚು!) ಎರಡು ದಾರಿಗಳ ನಡುವೆ ಮೀನಮೇಷ ಎಣಿಸುವುದು 'ವ್ಯಾಸಿಲೇಟ್'. ಹೊರಟವನು ನಡುವೆಯೇ ಬಲ ಕುಂದಿ ತಡವರಿಸುವುದು 'ಫಾಲ್ಟರ್'. 'ಫ್ಲಕ್ಚುಯೇಟ್' ಪದದೊಳಗೆ ಅಲೆ ಎಂಬರ್ಥದ ಲ್ಯಾಟಿನ್ ಮೂಲವಿದೆ; ಅಂದರೆ ಏರಿಳಿತ. 'ಹೆಸಿಟೇಟ್' ಪದದ ಲ್ಯಾಟಿನ್ ಮೂಲಕ್ಕೆ ಅಂಟಿಕೊಳ್ಳು, ಸಿಕ್ಕಿಕೊಳ್ಳು ಎಂಬ ಅರ್ಥ. ಹಿಂಜರಿಯುವವನ ಕಾಲು ಅಂಟಿಕೊಂಡಿರುತ್ತದೆ, ಅಷ್ಟೇ, ಶಕ್ತಿಯಿಲ್ಲವೆಂದಲ್ಲ.

ಈ ವ್ಯತ್ಯಾಸ ಕೇವಲ ಪರೀಕ್ಷೆಯ ಒಂದು ಅಂಕದ ಮಾತಲ್ಲ. ಪ್ರಗತಿ ಪತ್ರದ ಷರಾ ಕಾಲಂ ನೋಡಿ. ಮಗಳು 'ಹೆಸಿಟೇಟ್ಸ್ ಟು ಆನ್ಸರ್' ಎಂದು ಅಲ್ಲಿ ಬರೆದಿದೆ ಎನ್ನೋಣ. ಕನ್ನಡದಲ್ಲೇ ಓದಿದ ತಂದೆ 'ಉತ್ತರ ಬರುವುದಿಲ್ಲ' ಎಂದು ಅರ್ಥ ಮಾಡಿಕೊಳ್ಳುತ್ತಾರೆ. 'ಓದಿದ್ದೆಲ್ಲ ಎಲ್ಲಿ ಹೋಯ್ತಮ್ಮ?' ಎಂದು ಗದರುತ್ತಾರೆ. 'ಉತ್ತರ ಗೊತ್ತಿತ್ತು ಅಪ್ಪಾ, ಇಂಗ್ಲಿಷಲ್ಲಿ ಹೇಳೋಕೆ ಬಾಯಿ ಬರಲಿಲ್ಲ' ಎನ್ನುವ ಹುಡುಗಿಯ ಮಾತು ಯಾರಿಗೂ ಕೇಳಿಸುವುದಿಲ್ಲ. ಸೈನ್ಸ್ ಇವಳಿಗೆ ಹಿಡಿಸದು ಎಂಬ ತೀರ್ಮಾನ ಅಂದೇ ಆಗಿಬಿಡುತ್ತದೆ. ಒಂದು ಪದದ ತಪ್ಪರ್ಥಕ್ಕೆ ಮಗುವಿನ ದಾರಿಯೇ ಬದಲಾಗಬೇಕೆ?

ಹಿಂಜರಿಯುವ ಮಗುವಿಗೆ ಬೇಕಾದುದು ಟ್ಯೂಷನ್ ಅಲ್ಲ, ಧೈರ್ಯ. ನಡುವೆ ಫಾಲ್ಟರ್ ಆಗುವ ಮಗುವಿಗೆ ಊಟ, ನಿದ್ದೆ, ಕಣ್ಣು ಸರಿಯಿದೆಯೇ ಎಂದು ವಿಚಾರಿಸಬೇಕು. ಯಾವ ವಿಷಯ ಆರಿಸಲಿ ಎಂದು ವೇವರ್ ಆಗುವವನ ಜೊತೆ ಕುಳಿತು ಮಾತಾಡಬೇಕು. ಅಂಕ ಫ್ಲಕ್ಚುಯೇಟ್ ಆಗುವ ಮಗುವಿನ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು.

ತಾಳ್ಮೆಯ ಈ ಪಾಠವನ್ನು ಪ್ರಯೋಗಾಲಯದ ತಕ್ಕಡಿ ಚೆನ್ನಾಗಿ ಕಲಿಸುತ್ತದೆ. ಅದರ ಮುಳ್ಳು ಎಡಕ್ಕೂ ಬಲಕ್ಕೂ ತೂಗುತ್ತಿರುತ್ತದೆ. ಇದೇ 'ಆಸಿಲೇಟ್', ಒಂದು ಮಧ್ಯಸ್ಥಾನದ ಎರಡೂ ಕಡೆಗೆ ಕ್ರಮವಾಗಿ ತೂಗುವುದು. ಮುಳ್ಳು ನಿಲ್ಲುವವರೆಗೆ ಕಾಯಬೇಕಿಲ್ಲ. ಅದು ಹಿಂತಿರುಗುವ ಐದು ಬಿಂದುಗಳನ್ನು ಬರೆದುಕೊಂಡರೆ ಸಾಕು. ಎಡಕ್ಕೆ 5, 5.4, 5.8 ಎಂದಿರಲಿ, ಸರಾಸರಿ 5.4. ಬಲಕ್ಕೆ 14.8 ಮತ್ತು 14.4 ಎಂದಿರಲಿ, ಸರಾಸರಿ 14.6. ಇವೆರಡರ ಸರಾಸರಿ 10. ಮುಳ್ಳು ಕೊನೆಗೆ ನಿಲ್ಲುವುದು ಅಲ್ಲಿಯೇ. 5ನ್ನು ಮಾತ್ರ ನೋಡಿದವನು ನಿರಾಶನಾಗುತ್ತಾನೆ, 14.8ನ್ನು ಮಾತ್ರ ನೋಡಿದವನು ಬೀಗುತ್ತಾನೆ. ಇಬ್ಬರ ಲೆಕ್ಕವೂ ತಪ್ಪು! ಒಂದೇ ಟೆಸ್ಟಿನ ಅಂಕ ಹಿಡಿದು ಮಗುವನ್ನು ತೂಗುವವರು ಇದನ್ನು ನೆನಪಿಡಬೇಕು.

ವಿದ್ಯಾರ್ಥಿಗಳು ಒಂದು ನೋಟ್‌ಬುಕ್ಕಿನಲ್ಲಿ ಈ ಪದಗಳನ್ನು ಬರೆದು, ಎದುರಿಗೆ ಅರ್ಥದ ಬದಲು ತಾವು ಕಂಡ ಒಂದು ವಸ್ತುವಿನ ಹೆಸರು ಬರೆಯಲಿ: ಬುಗುರಿ, ದೀಪ, ಅಲೆ, ತಕ್ಕಡಿಮುಳ್ಳು. ತಂದೆತಾಯಂದಿರು ಷರಾದ ಪದ ತಿಳಿಯದಿದ್ದರೆ ಸಹಿ ಹಾಕುವ ಮುನ್ನ ಶಾಲೆಗೆ ಹೋಗಿ, 'ಮೇಷ್ಟ್ರೇ, ಇದರ ಅರ್ಥವೇನು?' ಎಂದು ಕೇಳಲಿ. ಕೇಳಲು ಮಾತ್ರ ಹೆಸಿಟೇಟ್ ಮಾಡಬಾರದು.