ಸಹಿ ಹಾಕುವ ಮುನ್ನ

ಪ್ರೀತಿಯ ಗೆಳತಿ,

ನಿಮ್ಮ ಪತ್ರ ಓದಿ ಮನಸ್ಸು ಭಾರವಾಯಿತು. ಡಲ್ಲಾಸಿನಲ್ಲಿರುವ ಮಗಳು, ಅಳಿಯ ಬೇರೆಯಾಗಲು ಹೊರಟಿದ್ದಾರೆ, ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಬಾಕಿಯಿದೆ, ಅವಳ ಗತಿಯೇನು ಎಂದು ಕೇಳಿದ್ದೀರಿ. ಬಾಳಿನ ತೀರ್ಮಾನ ಅವರಿಬ್ಬರಿಗೆ ಬಿಟ್ಟದ್ದು. ಕಾಗದಪತ್ರದ ಮಾತನ್ನು ಮಾತ್ರ ತಡಮಾಡದೆ ಹೇಳುತ್ತೇನೆ.

ಅಳಿಯನ ಕಂಪನಿ ಹಾಕಿಸಿದ ಅರ್ಜಿಯಲ್ಲಿ ನಿಮ್ಮ ಮಗಳು ಸೇರಿರುವುದು ಹೆಂಡತಿ ಎಂಬ ನೆಲೆಯಲ್ಲಿ. ಕಾರ್ಡ್ ಮಂಜೂರಾಗುವ ದಿನ ಆ ಮದುವೆ ಊರ್ಜಿತವಾಗಿರಬೇಕು. ಅದಕ್ಕೂ ಮೊದಲೇ ವಿಚ್ಛೇದನದ ಡಿಕ್ರಿ ಬಂದರೆ ಅವಳ ಅರ್ಜಿ ಬಿದ್ದುಹೋಗುತ್ತದೆ, ಅವನದು ಮುಂದುವರಿಯುತ್ತದೆ. ಭಾರತದಲ್ಲಿ ಹುಟ್ಟಿದವರು ಗ್ರೀನ್ ಕಾರ್ಡಿನ ಸರದಿಯಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಕಾಯುವುದುಂಟು. ಅವನ ಜೊತೆ ಕಾದ ಅಷ್ಟೂ ವರ್ಷ ಅವಳ ಪಾಲಿಗೆ ವ್ಯರ್ಥ. ಮಂಜೂರಾದ ಮೇಲೆ ಬೇರೆಯಾದರೆ ಕಾರ್ಡಿಗೆ ಧಕ್ಕೆಯಿಲ್ಲ. ಮೊಮ್ಮಗ ಅಲ್ಲೇ ಹುಟ್ಟಿದವನಲ್ಲದಿದ್ದರೂ ಹೆದರಬೇಡಿ. ಅಪ್ಪನ ಅರ್ಜಿಯಲ್ಲಿ ಮಗನ ಜಾಗ ವಿಚ್ಛೇದನದಿಂದ ಹೋಗುವುದಿಲ್ಲ.

ಗಂಡನ ಎಚ್-1ಬಿ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿ ಅವಳಿದ್ದರೆ ಇನ್ನೊಂದು ಎಚ್ಚರ ಬೇಕು. ಡಿಕ್ರಿಯಾದೊಡನೆ ಆ ವೀಸಾದ ಆಧಾರವೇ ಹೋಗುತ್ತದೆ, ಅದರ ಮೇಲೆ ಸಿಕ್ಕ ಕೆಲಸದ ಪರವಾನಗಿಯೂ ನಿಲ್ಲುವುದಿಲ್ಲ. ಕೆಲಸ ಕಳೆದುಕೊಂಡ ಎಚ್-1ಬಿ ನೌಕರರಿಗೆ ಸಿಗುವ ಗರಿಷ್ಠ 60 ದಿನಗಳ ಅವಕಾಶ ಇಲ್ಲಿ ಸಿಗದು. ಹಾಗಾಗಿ ಡಿಕ್ರಿಗೆ ಮೊದಲೇ ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಕೆಲಸ ಕೊಡುವ ಕಂಪನಿಯಿಂದ ತನ್ನದೇ ಎಚ್-1ಬಿಗೆ ಅರ್ಜಿ ಹಾಕಿಸಬೇಕು.

ಸಮಯ ಎಷ್ಟಿದೆ ಎಂಬುದು ಕೋರ್ಟಿನ ಮೇಲೆ ನಿಂತಿದೆ. ಟೆಕ್ಸಾಸಿನಲ್ಲಿ ಅರ್ಜಿ ಹಾಕಿದ 60 ದಿನಗಳ ತನಕ ಸಾಮಾನ್ಯವಾಗಿ ಡಿಕ್ರಿ ಕೊಡುವುದಿಲ್ಲ. ಭಾರತದಲ್ಲೇ ಅರ್ಜಿ ಹಾಕಿದರೆ, ಹಿಂದೂ ವಿವಾಹ ಕಾಯ್ದೆಯಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಆರು ತಿಂಗಳು ಕಾಯಬೇಕು. ತಕ್ಕ ಕಾರಣವಿದ್ದರೆ ಕೋರ್ಟು ಅದನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಕ್ರಿ ಬರುವವರೆಗೆ, ಬೇರೆ ಮನೆಯಲ್ಲಿದ್ದರೂ, ಕಾನೂನಿನ ಕಣ್ಣಿಗೆ ಅವರು ಗಂಡ ಹೆಂಡತಿಯೇ. ಆದರೆ ಅಧಿಕಾರಿ ಕೇಳಿದಾಗ ಬೇರೆಯಿರುವುದನ್ನೋ ವಿಚ್ಛೇದನವನ್ನೋ ಮುಚ್ಚಿಡಕೂಡದು. ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಅಮೆರಿಕದ ಬಾಗಿಲು ಜೀವನವಿಡೀ ಮುಚ್ಚಬಹುದು.

ಈಗಲೇ ಮಾಡಬಹುದಾದ ಕೆಲಸಗಳೂ ಇವೆ. ಇಂಥ ಮನೆಗಳಲ್ಲಿ ಕಡತವೆಲ್ಲ ಗಂಡನ ಇಮೇಲ್‌ನಲ್ಲಿ, ಅವನ ಕಂಪನಿಯ ವಕೀಲರ ಬಳಿ ಇರುತ್ತದೆ. ಹೆಂಡತಿಗೆ ತನ್ನ ಅರ್ಜಿಯ ರಸೀದಿ ಸಂಖ್ಯೆಯೇ ಗೊತ್ತಿರುವುದಿಲ್ಲ. ಪಾಸ್‌ಪೋರ್ಟ್, ಮದುವೆಯ ಪ್ರಮಾಣಪತ್ರ, ವಲಸೆ ಇಲಾಖೆಯ ಐ-797 ನೋಟಿಸುಗಳು, ಐ-94 ಪ್ರವೇಶ ದಾಖಲೆ, ಇವುಗಳ ಪ್ರತಿ ಅವಳ ಕೈಯಲ್ಲೇ ಇರಲಿ. ಮನೆ ಬದಲಿಸಿದರೆ ಹತ್ತು ದಿನದೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಲಿ. ಇಲ್ಲವಾದರೆ ನೋಟಿಸು ಹಳೆಯ ಮನೆಗೇ ಹೋಗಿ ಗಡುವು ದಾಟೀತು.

ಒಂದೇ ಒಂದು ಕೋರಿಕೆ: ವಿಚ್ಛೇದನದ ಕಾಗದಕ್ಕೆ ಸಹಿ ಹಾಕುವ ಮುನ್ನ ಮಗಳು ತನ್ನದೇ ವಲಸೆ ವಕೀಲರನ್ನು ಕಾಣಲಿ. ಕೌಟುಂಬಿಕ ವಕೀಲರೂ ಅವರೂ ಮಾತಾಡಿಕೊಂಡು ದಿನಾಂಕ ಗೊತ್ತುಮಾಡಲಿ. ಇಂದು ರಾತ್ರಿಯೇ ಅವಳಿಗೆ ಫೋನ್ ಮಾಡಿ ಹೇಳಿ.

ನಿಮ್ಮ ವಿಶ್ವಾಸದ
ಗೆಳತಿ